ಪದಚರ್ಚೆ: ಗೃಹಸಾಲಕ್ಕೆ ಸಿಗುವುದು ವಿನಾಯಿತಿಯೋ, ಕಡಿತವೋ, ರಿಯಾಯಿತಿಯೋ?

ಎಲ್ಲರಿಗೂ ನಮಸ್ಕಾರ.

ಮನೆ ಕಟ್ಟಲು ಸಾಲ ಪಡೆಯುವವರಿಗಾಗಿ ಒಂದು ಸಹಕಾರಿ ಬ್ಯಾಂಕಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಆದಾಯ ತೆರಿಗೆಯ ಭಾಗದಲ್ಲಿ ಒಂದು ಪದ ಸರಿಹೋಗುತ್ತಿಲ್ಲ. ಇಂಗ್ಲಿಷಿನಲ್ಲಿ ಎಕ್ಸೆಂಪ್ಷನ್, ಡಿಡಕ್ಷನ್, ರಿಬೇಟ್ ಎಂದು ಮೂರು ಪದಗಳಿವೆ. ಮೂರರ ಕೆಲಸವೂ ಬೇರೆ ಬೇರೆ. ನಮ್ಮ ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಮಾತ್ರ ಹೆಚ್ಚಾಗಿ ಮೂರಕ್ಕೂ ‘ತೆರಿಗೆ ವಿನಾಯಿತಿ’ ಎಂದೇ ಬರೆಯುತ್ತಾರೆ. ಡಿಡಕ್ಷನ್‌ಗೆ ತಕ್ಕ ಕನ್ನಡ ಪದ ಯಾವುದು?

‘ಗೃಹಸಾಲದ ಬಡ್ಡಿಗೆ 2 ಲಕ್ಷ ತೆರಿಗೆ ವಿನಾಯಿತಿ’ ಎಂದು ಓದಿದವರು ಏನಂದುಕೊಳ್ಳುತ್ತಾರೆ? ಕಟ್ಟಬೇಕಾದ ತೆರಿಗೆಯಲ್ಲಿ 2 ಲಕ್ಷ ಉಳಿಯುತ್ತದೆ ಅಂತ ಅಲ್ವಾ? ನಿಜವಾಗಿ 2 ಲಕ್ಷವನ್ನು ಕಳೆಯುವುದು ಆದಾಯದಲ್ಲಿ, ತೆರಿಗೆಯಲ್ಲಲ್ಲ. ಆ 2 ಲಕ್ಷವೂ ಶೇ 30ರ ಹಂತಕ್ಕೆ ಬೀಳುವಂತಿದ್ದರೆ, ತೆರಿಗೆಯ ಮೇಲೆ ಹಾಕುವ ಶೇ 4ರ ಸೆಸ್ ಸೇರಿ ಉಳಿಯುವುದು 62,400 ರೂಪಾಯಿ. ಶೇ 20ರ ಹಂತವಾದರೆ 41,600. ಈ ವ್ಯತ್ಯಾಸ ಗೊತ್ತಿಲ್ಲದೆ ಜಾಸ್ತಿ ಸಾಲ ಮಾಡುವವರಿದ್ದಾರೆ. ಪದ ಸರಿಯಿದ್ದರೆ ಲೆಕ್ಕವೂ ಸರಿಯಾಗಿ ತಲೆಗೆ ಹೋಗುತ್ತದೆ ಎಂಬುದು ನನ್ನ ನಂಬಿಕೆ.

ವಿನಾಯಿತಿ ಎಂದರೆ ಆ ಹಣ ತೆರಿಗೆಯ ಲೆಕ್ಕಕ್ಕೇ ಬರುವುದಿಲ್ಲ ಎಂದರ್ಥ. ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯಲ್ಲಿ ಒಂದು ಭಾಗಕ್ಕೆ ಸಿಗುವುದು ನಿಜವಾದ ವಿನಾಯಿತಿ. ರಿಬೇಟ್ ಎಂದರೆ ತೆರಿಗೆ ಲೆಕ್ಕ ಹಾಕಿದ ಮೇಲೆ ಆ ತೆರಿಗೆಯಲ್ಲೇ ಬಿಡುವ ಮೊತ್ತ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ 60,000 ರೂಪಾಯಿವರೆಗಿನ ತೆರಿಗೆ ಬಿಡುತ್ತಾರಲ್ಲ, ಅದು. ಇದಕ್ಕೆ ರಿಯಾಯಿತಿ ಎಂಬ ಪದ ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲೂ ಬಿಲ್ ಆದಮೇಲೆ ಬಿಡುವುದಕ್ಕೆ ರಿಯಾಯಿತಿ ಎನ್ನುತ್ತೇವೆ.

ಉಳಿದದ್ದು ಡಿಡಕ್ಷನ್. ಇದಕ್ಕೆ ‘ಕಡಿತ’ ಎಂದು ಬರೆಯುವವರಿದ್ದಾರೆ. ಬೇರೆ ಕಡೆ ಸರಿಯಾಗಬಹುದು. ಆದರೆ ಬಡ್ಡಿಯ ಜೊತೆ ಸೇರಿಸಿ ನೋಡಿ. ‘ಬಡ್ಡಿ ಕಡಿತ’ ಎಂದರೆ ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿತು, ಕಂತು ಕಡಿಮೆಯಾಗುತ್ತದೆ ಎಂದು ಜನ ಓದಿಕೊಳ್ಳುತ್ತಾರೆ. ‘ಬಡ್ಡಿ ವಿನಾಯಿತಿ’ ಎಂದರೆ ಬಡ್ಡಿ ಮನ್ನಾ ಎನಿಸುತ್ತದೆ. ‘ಬಡ್ಡಿ ರಿಯಾಯಿತಿ’ ಎಂದರೆ ಸರ್ಕಾರದ ಸಹಾಯಧನ ಎನಿಸುತ್ತದೆ. ಮೂರೂ ಪದ ಓದುಗರನ್ನು ಬೇರೆ ದಾರಿಗೆ ಎಳೆಯುತ್ತವೆ. ಸಾಲದು ಎಂಬಂತೆ ‘ಮೂಲದಲ್ಲೇ ತೆರಿಗೆ ಕಡಿತ’ ಎಂಬ ಟಿಡಿಎಸ್ ಬೇರೆ ಇದೆ. ಅಲ್ಲಿ ಕಡಿತ ಎಂದರೆ ನಮ್ಮ ಕೈಯಿಂದ ದುಡ್ಡು ಹೋಗುವುದು. ಇಲ್ಲಿ ಅದೇ ಪದ ನಮಗೆ ಲಾಭ ಎಂಬರ್ಥ ಕೊಡಬೇಕು!

ಹಳೆಯ ಲೆಕ್ಕದ ಕನ್ನಡದಲ್ಲಿ ‘ವಜಾ’ ಇತ್ತು. ‘ಮುಂಗಡ ವಜಾ ಮಾಡಿ ಉಳಿದದ್ದು ಕೊಡಿ’ ಎನ್ನುವ ಮಾತಿನಲ್ಲಿ ಅರ್ಥ ಸ್ಪಷ್ಟವಾಗಿದೆ. ‘ಆದಾಯದಲ್ಲಿ ಬಡ್ಡಿ ವಜಾ’ ಎಂದರೆ ಡಿಡಕ್ಷನ್‌ನ ಅರ್ಥವೇ ಬರುತ್ತದೆ. ತೊಂದರೆ ಏನೆಂದರೆ, ಈಗಿನವರಿಗೆ ವಜಾ ಎಂದರೆ ಕೆಲಸದಿಂದ ತೆಗೆಯುವುದು ಅಥವಾ ಕೋರ್ಟಿನಲ್ಲಿ ಅರ್ಜಿ ಬಿದ್ದುಹೋಗುವುದು. ಸದ್ಯಕ್ಕೆ ನಾನು ನಾಮಪದ ಬಿಟ್ಟು ಕ್ರಿಯಾಪದ ಹಿಡಿದಿದ್ದೇನೆ: ‘ಕಟ್ಟಿದ ಬಡ್ಡಿಯನ್ನು ವರ್ಷಕ್ಕೆ 2 ಲಕ್ಷದವರೆಗೆ ನಿಮ್ಮ ಆದಾಯದಲ್ಲಿ ಕಳೆಯಬಹುದು.’ ಓದಲು ಸುಲಭ. ಆದರೆ ಪಟ್ಟಿಯ ತಲೆಬರಹಕ್ಕೆ, ಅರ್ಜಿಯ ಕಾಲಮ್ಮಿಗೆ ಇಷ್ಟುದ್ದ ಹಿಡಿಸುವುದಿಲ್ಲ.

ಎರಡನೆಯ ಪದ ‘ನಿರ್ಮಾಣಪೂರ್ವ ಬಡ್ಡಿ’. ಇದು ನನಗೆ ಇನ್ನೂ ಜಾಸ್ತಿ ಕಾಡುತ್ತಿದೆ. ಓದಿದ ಕೂಡಲೇ ಪಾಯ ತೋಡುವ ಮೊದಲಿನ ಬಡ್ಡಿ ಎನಿಸುತ್ತದೆ. ಕಾನೂನಿನ ಅರ್ಥ ಬೇರೆ. ಸಾಲ ತೆಗೆದ ದಿನದಿಂದ, ಮನೆ ಮುಗಿದ ಹಣಕಾಸು ವರ್ಷಕ್ಕೆ ಮುಂಚಿನ ಮಾರ್ಚ್ 31ರವರೆಗಿನ ಬಡ್ಡಿ ಅದು. ಉದಾಹರಣೆಗೆ, 2021ರ ಜೂನ್‌ನಲ್ಲಿ ಸಾಲ, 2024ರ ನವೆಂಬರ್‌ನಲ್ಲಿ ಮನೆ ಪೂರ್ತಿ. ಹಾಗಾದರೆ 2024ರ ಮಾರ್ಚ್ 31ರವರೆಗಿನ ಬಡ್ಡಿಯೆಲ್ಲ ಇದರೊಳಗೆ ಬರುತ್ತದೆ. ಅದು 4.5 ಲಕ್ಷ ಆಯಿತು ಎಂದುಕೊಳ್ಳಿ. ಅದನ್ನು ಐದು ಸಮ ಭಾಗ ಮಾಡಿ, 2024–25ರಿಂದ ವರ್ಷಕ್ಕೆ 90,000ದಂತೆ ಕಳೆಯಬೇಕು. ಆಯಾ ವರ್ಷದ ಬಡ್ಡಿಯೂ ಇದರ ಜೊತೆ ಸೇರುತ್ತದೆ. ತಾವೇ ವಾಸಿಸುವ ಮನೆಯಾದರೆ ಎರಡೂ ಸೇರಿ 2 ಲಕ್ಷದ ಮಿತಿ ದಾಟುವಂತಿಲ್ಲ. ‘ಪೂರ್ವ’ ಎಂಬ ಪದ ನೋಡಿ, ಮನೆ ಕಟ್ಟುವಾಗ ತೆತ್ತ ಬಡ್ಡಿಗೆ ಏನೂ ಸಿಗುವುದಿಲ್ಲ ಎಂದು ಸುಮ್ನೆ ಬಿಟ್ಟುಬಿಡುವವರೂ ಇರಬಹುದು. ‘ಕಟ್ಟುವಾಗಿನ ಬಡ್ಡಿ’ ಎಂದರೆ ಹೇಗೆ? ತೀರಾ ಮಾತಿನ ಕನ್ನಡ ಎನಿಸಿದರೆ ‘ನಿರ್ಮಾಣಾವಧಿಯ ಬಡ್ಡಿ’ ಆಗಬಹುದು. ನನಗೆ ಮೊದಲನೆಯದೇ ಇಷ್ಟ.

‘ಮನೆ ಮುಗಿಯುವುದು’ ಎಂಬ ಮಾತನ್ನೂ ಬಿಡಿಸಿ ಬರೆಯಬೇಕು. ಸಾಲ ತೆಗೆದ ಹಣಕಾಸು ವರ್ಷ ಕೊನೆಯಾದ ಮೇಲೆ ಐದು ವರ್ಷದೊಳಗೆ ಮನೆ ಮುಗಿಯಬೇಕು. ಇಲ್ಲದಿದ್ದರೆ 2 ಲಕ್ಷದ ಮಿತಿ 30,000ಕ್ಕೆ ಇಳಿಯುತ್ತದೆ. ಜನರ ಮಾತಿನಲ್ಲಿ ಮನೆ ಮುಗಿಯುವುದು ಗೃಹಪ್ರವೇಶದ ದಿನ. ಮೇಲಿನ ಮಹಡಿ, ಬಣ್ಣ ಬಾಕಿಯಿದ್ದರೂ ಒಳ್ಳೆಯ ಮುಹೂರ್ತವೆಂದು ಹಾಲು ಉಕ್ಕಿಸುತ್ತೇವೆ. ಪೂಜೆಯ ದಿನವೇ ಮನೆ ಮುಗಿದ ದಿನಕ್ಕೆ ಪುರಾವೆಯಾಗುವುದಿಲ್ಲ, ಅದಕ್ಕೆ ಕಾಗದಪತ್ರ ಬೇಕು. ಹಾಗಾಗಿ ‘ಪೂರ್ಣಗೊಂಡ ದಿನಾಂಕ’ ಎಂದೇ ಬರೆದಿದ್ದೇನೆ.

ಸಾಲದ ಅಸಲಿನ ವಿಷಯದಲ್ಲಿ ಪದದ ತೊಂದರೆ ಇಲ್ಲ. ಅಸಲು, ಬಡ್ಡಿ, ಕಂತು ಎಲ್ಲರ ಬಾಯಲ್ಲಿರುವ ಪದಗಳು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಸಿ ಅಡಿ ಅಸಲನ್ನು 1.5 ಲಕ್ಷದೊಳಗೆ ಕಳೆಯಬಹುದು, ಮನೆ ಪೂರ್ಣವಾದ ಮೇಲೆ ಮಾತ್ರ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವೂ ಅದೇ ಮಿತಿಯೊಳಗೆ. ಬರೀ ಸೈಟು ಕೊಂಡು ಮನೆ ಕಟ್ಟದಿದ್ದರೆ ಇದ್ಯಾವುದೂ ಇಲ್ಲ. ಮೇಲಿನ ಲೆಕ್ಕವೆಲ್ಲ ಹಳೆಯ ತೆರಿಗೆ ಪದ್ಧತಿಯದು; ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆಯ ಬಡ್ಡಿಯೂ ಇಲ್ಲ, 80ಸಿಯೂ ಇಲ್ಲ. ಇದನ್ನು ಕೈಪಿಡಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.

ಪದಗಳನ್ನು ಸರಿಮಾಡಿಕೊಳ್ಳಲು ಇದು ಒಳ್ಳೆಯ ಹೊತ್ತು. 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವಂತೆ ಮಾಡಿದ್ದಾರೆ. 80ಸಿ ಎಂದು ಬಾಯಿಪಾಠವಾದದ್ದು ಅಲ್ಲಿ ಸೆಕ್ಷನ್ 123. ಎಲ್ಲ ಬ್ಯಾಂಕುಗಳೂ ಕೈಪಿಡಿ, ಅರ್ಜಿಗಳನ್ನು ಮತ್ತೆ ಅಚ್ಚು ಹಾಕಿಸಲೇಬೇಕು. ಆಗಲೇ ಪದವೂ ಬದಲಾದರೆ ಜನರಿಗೆ ರೂಢಿಯಾಗುತ್ತದೆ.

ಉತ್ತರ ಕರ್ನಾಟಕ, ಕರಾವಳಿಯ ಗೆಳೆಯರಲ್ಲಿ ವಿಶೇಷವಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ ಅಂಗಡಿ ಲೆಕ್ಕದಲ್ಲಿ, ಕೂಲಿ ಲೆಕ್ಕದಲ್ಲಿ ‘ವಜಾ’ ಈಗಲೂ ಕಳೆಯುವ ಅರ್ಥದಲ್ಲಿ ಓಡಾಡುತ್ತಿದೆಯೇ? ಬೇರೆ ಪದವಿದ್ದರೆ, ಅದನ್ನು ಬಳಸುವ ಒಂದು ಪೂರ್ತಿ ವಾಕ್ಯದ ಜೊತೆ ತಿಳಿಸಿ. ಬರೀ ನಿಘಂಟಿನ ಅರ್ಥ ಸಾಲದು.