ಸಹಾಯ ಬೇಕು: ಕತ್ತಾಳಿ ಎಲಿಯ ಬೂದಿಪದರ ಜಲವರ್ಣದಾಗ ಹೆಂಗ ತರೋದು?

ವಿಜಯಪುರ ಕಡೆ ಹೊಲದ ಬದುವಿನ ಕತ್ತಾಳಿ, ಅಂದ್ರ ಅಗೇವ್ ಅಮೆರಿಕಾನಾ, ಅದರ ಎಲಿಯ ಸಸ್ಯಚಿತ್ರ ನಡದೈತಿ. 300 ಜಿಎಸ್‌ಎಂ ಹಾಟ್‌ಪ್ರೆಸ್ (ನುಣುಪು ಮೈಯ) ಹಾಳಿ. ಎಲಿ ಮ್ಯಾಲಿನ ಮೇಣದ ಬೂದಿಪದರದಾಗ ಸಿಕ್ಕೊಂಡೇನಿ.

ಬಿಳಿ ಗೌಶ್ (ಕೆಳಗಿನದನ್ನ ಮುಚ್ಚೋ ದಪ್ಪ ಜಲಬಣ್ಣ) ಬೆರೆಸಿದ್ರ ಸುಣ್ಣ ಬಳದಂಗ ಕಾಣತೈತಿ. ಜೊತಿಗೆ, ಸುಳಿಯೊಳಗ ಇದ್ದಾಗ ಪಕ್ಕದ ಎಲಿಯ ಮುಳ್ಳು ಒತ್ತಿ ಮೂಡಿದ ಅಚ್ಚು ಮುಚ್ಚಿಹೋಗತೈತಿ. ಆ ಅಚ್ಚು ಇಲ್ಲಂದ್ರ ಅದು ಬರೇ ಚಂದದ ಚಿತ್ರ, ಸಸ್ಯಶಾಸ್ತ್ರ ಅಲ್ಲ.

ಗೌಶ್ ಬಿಟ್ಟು ಕೋಬಾಲ್ಟ್ ನೀಲಿಯ ತೆಳು ವಾಶ್ (ನೀರಾದ ಬಣ್ಣದ ಪದರ) ಹಾಕಿ ಮ್ಯಾಲ ಹಸಿರು ಏರಿಸಿದೆ. ಈ ಬಿಸಿಲಿಗೆ ಅಂಚು ಲಗೂನ ಒಣಗಿ ಗೆರಿ ಬೀಳತಾವ. ಹಸಿ ಬ್ರಶ್‌ಲೆ ಬಣ್ಣ ಎತ್ತಾಕ ಹೋದ್ರ ಹಾಳಿಯ ನಾರು ಏಳತಾವ.

ಅಚ್ಚು ಮೊದಲ ಬರದು ಮ್ಯಾಲ ನೀಲಿ ಗ್ಲೇಜ್ (ಕೆಳಗಿನದು ಕಾಣೋ ತೆಳು ಬಣ್ಣದ ಪದರ) ಕೊಡಬೇಕೋ, ಇಲ್ಲಾ ಗ್ಲೇಜ್ ಪೂರ್ತಿ ಒಣಗಿದ ಮ್ಯಾಲ ನೀರು ಕಡಿಮಿ ಇರೋ ಡ್ರೈ ಬ್ರಶ್‌ಲೆ ಅಚ್ಚು ಎಳೀಬೇಕೋ?