ದುಡ್ಡಿಲ್ಲದೆ ವ್ಯಾಪಾರ ಮಾಡುವಾಗ ರೇಟು ಯಾರು ಹೇಳುತ್ತಿದ್ದರು?

ಪಾಂಡವಪುರದ ಹೈದ:
ನಮ್ಮಜ್ಜಿ ಚಿಕ್ಕವರಿದ್ದಾಗ ಉಪ್ಪು, ಮಡಕೆ, ಬಳೆ ಎಲ್ಲಾನೂ ರಾಗಿ ಕೊಟ್ಟೇ ತಗೊಳ್ಳುತ್ತಿದ್ದರಂತೆ. ಸರಿ, ಒಂದು ಮಡಕೆಗೆ ಎಷ್ಟು ರಾಗಿ ಅಂತ ಗೊತ್ತಾಗೋದು ಹೇಗೆ? ಕೇಳಿದರೆ ‘ಅದಕ್ಕೇನು ಲೆಕ್ಕ, ಕೊಡ್ತಿದ್ವಿ ಅಷ್ಟೆ’ ಅನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಕೇಳಿದ್ದು ಇದ್ದರೆ ಹೇಳಿ.

ನರಸೀಪುರದವ:
ಮಡಕೆ ಲೆಕ್ಕ ಸುಲಭ. ಅದರ ತುಂಬ ಎಷ್ಟು ರಾಗಿ ಹಿಡಿಯುತ್ತೋ ಅದೇ ಬೆಲೆ, ಚೌಕಾಸಿಗೆ ಜಾಗವೇ ಇಲ್ಲ. (ದೊಡ್ಡ ಗುಡಾಣಕ್ಕೆ ಹೀಗೆ ಮಾಡಿದರೆ ಮನೆ ರಾಗಿ ಖಾಲಿ, ಅದಕ್ಕೆ ಬೇರೆ ಮಾತು.) ಮಿಕ್ಕಿದ್ದಕ್ಕೆ ಕಾಳು ಅಳೆಯುವ ಸೇರು, ಪಾವು. 4 ಪಾವಿಗೆ ಒಂದು ಸೇರು, ದೊಡ್ಡ ಅಳತೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಇಂಥದ್ದಕ್ಕೆ ಇಷ್ಟು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಜಗಳ ಬರುತ್ತಿದ್ದದ್ದು ರೇಟಿಗಲ್ಲ, ಅಳೆಯುವ ಕೈಗೆ. ಸೇರಿನ ಮೇಲೆ ಗೋಪುರ ನಿಲ್ಲುವ ಹಾಗೆ ತುಂಬುತ್ತೀರೋ, ಅಂಗೈಯಲ್ಲಿ ಸವರಿ ಬಾಯಿಗೆ ಸಮ ಮಾಡುತ್ತೀರೋ, ಅದರಲ್ಲೇ ಎಲ್ಲಾ ಇರೋದು. ಕೊನೆಗೆ ಒಂದು ಹಿಡಿ ಕೊಸರು ಹಾಕದಿದ್ದರೆ ಹೆಂಗಸರು ಬಿಡುತ್ತಲೇ ಇರಲಿಲ್ಲ. ಕಣದಲ್ಲಿ ಅಳೆಯುವಾಗಲೂ ಒಂದು, ಎರಡು ಅಂತ ಶುರು ಮಾಡುವುದಿಲ್ಲ, ‘ಲಾಭ’, ಎರಡು, ಮೂರು.

ಮಳವಳ್ಳಿ ಮಾತುಗಾರ್ತಿ:
ಇದು ಹೊರಗಿನಿಂದ ಮಾರೋಕೆ ಬಂದವರ ಜೊತೆಗಿನ ಲೆಕ್ಕ. ಊರೊಳಗಿನ ಕಮ್ಮಾರ, ಬಡಗಿ, ಅಗಸರಿಗೆ ಆಗಾಗ ಏನೂ ಕೊಡುತ್ತಿರಲಿಲ್ಲ. ವರ್ಷವಿಡೀ ಗುಳ (ನೇಗಿಲಿನ ಕಬ್ಬಿಣದ ಮೊನೆ) ತಟ್ಟಿ, ನೇಗಿಲು ಸರಿ ಮಾಡಿ, ಬಟ್ಟೆ ಒಗೆದದ್ದಕ್ಕೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಂತ ಅಳೆದು ಕೊಡುವುದು. ಸುಮ್ನೆ ‘ಆಗಿನ ಕಾಲ ಎಷ್ಟು ಚೆಂದ’ ಅನ್ನಬೇಡಿ. ಮಳೆ ಕೈಕೊಟ್ಟರೆ ಆಯ ಕಮ್ಮಿ, ಕೆಲಸ ಅಷ್ಟೇ. ಕೊಡುವವರು ಯಾರು, ಕಣದ ಅಂಚಲ್ಲಿ ಕಾಯುವವರು ಯಾರು ಅನ್ನೋದು ಜಾತಿಯ ಮೇಲೆ ಮೊದಲೇ ತೀರ್ಮಾನ ಆಗಿರುತ್ತಿತ್ತು.

ನರಸೀಪುರದವ:
ಅದೂ ನಿಜ ಅಕ್ಕ.

ಗದ್ದೆ ಬಯಲು:
ನಮ್ಮ ಕಡೆ ದುಡ್ಡು ಓಡಾಡಿದ್ದು ಕನ್ನಂಬಾಡಿ ನಾಲೆ ನೀರು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾದ ಮೇಲೆ. ಕಬ್ಬು ಕೊಟ್ಟು ಉಪ್ಪು ತರೋಕಾಗಲ್ಲ ಅಲ್ವಾ, ಫ್ಯಾಕ್ಟರಿಯಿಂದ ಬರುವುದು ದುಡ್ಡೇ. ರಾಸುಗಳ ವ್ಯಾಪಾರ ಮಾತ್ರ ಬೇರೆ. ಚುಂಚನಕಟ್ಟೆ ಥರದ ದನಗಳ ಜಾತ್ರೆಯಲ್ಲಿ ಜೋಡಿಗೆ ಜೋಡಿ ಬದಲಾಯಿಸಿ, ಹಲ್ಲು, ಮೈಮೇಲಿನ ಸುಳಿ ನೋಡಿ, ಮೇಲೆ ಇಷ್ಟು ಅಂತ ದುಡ್ಡು ಕಟ್ಟುವುದೂ ಉಂಟು. ಆ ‘ಇಷ್ಟು’ ಎಷ್ಟು ಅನ್ನೋದು ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಹೇಳುತ್ತಾನೆ, ಪಕ್ಕದಲ್ಲಿ ನಿಂತವನಿಗೂ ತಿಳಿಯಲ್ಲ.

ಪಾಂಡವಪುರದ ಹೈದ:
ಮಡಕೆ ತುಂಬ ರಾಗಿ ಅಂದಿದ್ದಕ್ಕೆ ಅಜ್ಜಿ ‘ಇನ್ನೇನು ಮತ್ತೆ’ ಅಂದರು! ಬಳೆಗಾರರಿಗೆ ಡಜನ್ ಲೆಕ್ಕವೋ, ಕೈ ಲೆಕ್ಕವೋ, ಯಾರಿಗಾದರೂ ಗೊತ್ತಾ?