ಬಳ್ಳಾರಿ–ಕಾರಟಗಿ ಜಿಆರ್‌ಇ ಟನಲ್: ಆರ್ ಗುರುತು ಇದೆ, ಪಿಂಗ್ ಇಲ್ಲ

ಸೋನಾಮಸೂರಿ: ತಲೆ ಕೆಟ್ಟುಹೋಗಿದೆ. ಬಳ್ಳಾರಿ ಆಫೀಸಿಗೂ ಕಾರಟಗಿಯ ರೈಸ್‌ಮಿಲ್ಲಿಗೂ ಜಿಆರ್‌ಇ ಟನಲ್ ಹಾಕಿದ್ದೇನೆ, ಅಂದರೆ ಇಂಟರ್ನೆಟ್ ಮೇಲೆ ಎರಡು ನೆಟ್‌ವರ್ಕ್ ಸೇರಿಸುವ ಕೊಂಡಿ. ಎರಡೂ ಕಡೆ ಮೈಕ್ರೋಟಿಕ್ ರೂಟರ್, ಎರಡೂ ಕಡೆ ಫೈಬರ್. ಟನಲ್ ಮುಂದೆ ಆರ್ (ರನ್ನಿಂಗ್) ಅಂತ ತೋರಿಸುತ್ತದೆ, ಆದರೆ ಆ ತುದಿಗೆ ಪಿಂಗ್ (ತಲುಪುತ್ತದಾ ಅಂತ ನೋಡುವ ಪರೀಕ್ಷೆ) ಇಲ್ಲ. ವೇಬ್ರಿಡ್ಜ್ ಲೆಕ್ಕ ಇಲ್ಲಿಗೆ ಬರಬೇಕು, ಸಾಹುಕಾರರು ಸುಮ್ನೆ ಬಿಡುತ್ತಿಲ್ಲ. ಕಾನ್ಫಿಗ್ ಎಲ್ಲ ಸರಿ ಇದೆ, ಅದನ್ನು ಮಾತ್ರ ಕೇಳಬೇಡಿ.

ಹಗರಿದಂಡೆ: ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ. ಫೈಬರ್ ಅಂದರೆ ಹೆಚ್ಚಾಗಿ ಪಿಪಿಪಿಒಇ ಲಾಗಿನ್, ಅಂದರೆ 1492 ಬೈಟ್. ಜಿಆರ್‌ಇಗೆ 24 ಬೈಟ್ ಹೋಗುತ್ತದೆ. 1468 ಹಾಕಿ, ಎಂಎಸ್‌ಎಸ್ (ಪ್ಯಾಕೆಟಿನ ಒಳಗಿನ ಡೇಟಾದ ಮಿತಿ) 1428 ಇಡಿ.

ಸೋನಾಮಸೂರಿ: ಹಾಕಿದೆ ಸರ್. ಅದೇ ಕಥೆ.

ಹಗರಿದಂಡೆ: 1400 ಹಾಕಿ. ಆಗದಿದ್ದರೆ 1300.

ಮಾನ್ವಿರೂಟ್: ಅಣ್ಣಾ, ನೂರು ಬೈಟಿನ ಪಿಂಗೇ ಹೋಗುತ್ತಿಲ್ಲ. ಎಂಟಿಯು ತಪ್ಪಿದ್ದರೆ ಪಿಂಗ್ ಬರುತ್ತದೆ, ದೊಡ್ಡ ಫೈಲ್ ಸಿಕ್ಕಿಹಾಕಿಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಪ್ರೋಟೋಕಾಲ್ 47, ಅಂದರೆ ಜಿಆರ್‌ಇ, ಒಳಗೆ ಬಿಟ್ಟಿದ್ದೀರಾ? ಪೋರ್ಟ್ 47 ಅಲ್ಲ, ಪ್ರೋಟೋಕಾಲ್. ಕೀಪ್‌ಅಲೈವ್ (ಆ ತುದಿ ಇದೆಯಾ ಅಂತ ಆಗಾಗ ಕೇಳುವುದು) ಎಷ್ಟಿದೆ?

ಸೋನಾಮಸೂರಿ: 47 ಬಿಟ್ಟಿದ್ದೇನೆ. ಕೀಪ್‌ಅಲೈವ್ ತೆಗೆದಿದ್ದೇನೆ, ಅದಿದ್ದರೆ ಆರ್ ಹೋಗಿಬಿಡುತ್ತಿತ್ತು.

ಮಾನ್ವಿರೂಟ್: ಅಯ್ಯೋ ದೇವರೇ! ಇದನ್ನ ಮೊದಲೇ ಹೇಳೋದಲ್ವಾ? ಕೀಪ್‌ಅಲೈವ್ ಇಲ್ಲದಿದ್ದರೆ ಆ ಕಡೆ ರೂಟರ್ ಇರಲಿ ಬಿಡಲಿ, ಆರ್ ಇದ್ದೇ ಇರುತ್ತದೆ. ನಿಮ್ಮ ಟನಲ್ ಒಮ್ಮೆಯೂ ಎದ್ದಿಲ್ಲ. ಕಾರಟಗಿ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ಏನಿದೆ?

ಕೋಟೆಬಿಸಿಲು: ಅದಿರಲಿ, ಬರೀ ಜಿಆರ್‌ಇ ಯಾಕೆ? ಅದರಲ್ಲಿ ಎನ್‌ಕ್ರಿಪ್ಶನ್ ಇಲ್ಲ. ಎನ್‌ಕ್ರಿಪ್ಟ್ ಮಾಡುವ ಐಪಿಸೆಕ್ ಇಲ್ಲದೆ ಮಿಲ್ಲಿನ ಲೆಕ್ಕ ಕಳಿಸುತ್ತೀರಾ?

ಹಗರಿದಂಡೆ: ಐಪಿಸೆಕ್ ಹಾಕಿದರೆ ಎಂಟಿಯು ಇನ್ನೂ ಇಳಿಸಬೇಕು. ನಾನು ಹೇಳಿದ್ದೂ ಅದೇ.

ಕೋಟೆಬಿಸಿಲು: ನೀವು ಹೇಳಿದ್ದು ಅದಲ್ಲ.

ಸೋನಾಮಸೂರಿ: ವ್ಯಾನ್‌ನಲ್ಲಿ 100.72 ಅಂತ ಶುರುವಾಗುತ್ತದೆ. ಗೂಗಲ್‌ನಲ್ಲಿ ನೋಡಿದರೆ ಬೇರೆ ಐಪಿ. ಬಳ್ಳಾರಿಯಲ್ಲಿ ರಿಮೋಟ್ ಅಂತ ಗೂಗಲ್ ತೋರಿಸಿದ್ದನ್ನೇ ಹಾಕಿದ್ದೇನೆ. ಬಳ್ಳಾರಿಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇದೆ.

ಮಾನ್ವಿರೂಟ್: ಸಿಕ್ಕಿತು ನೋಡಿ. ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನು ಎಷ್ಟೋ ಜನರಿಗೆ ಹಂಚುವುದು. 100.64ರಿಂದ 100.127ರವರೆಗಿನ ಐಪಿಗಳನ್ನು 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟರು. ಗೂಗಲ್ ತೋರಿಸಿದ್ದು ನಿಮ್ಮ ಇಂಟರ್ನೆಟ್ ಕಂಪನಿಯ ದೊಡ್ಡ ಬಾಕ್ಸಿನ ಐಪಿ, ಅದರ ಹಿಂದೆ ನಿಮ್ಮಂಥವರು ಎಷ್ಟೋ ಜನ. ಜಿಆರ್‌ಇಗೆ ಪೋರ್ಟ್ ನಂಬರ್ ಇಲ್ಲ. ಪ್ಯಾಕೆಟ್ ಯಾರಿಗೆ ಅಂತ ಆ ಬಾಕ್ಸಿಗೆ ಗೊತ್ತಾಗಲ್ಲ, ಬಿಸಾಡುತ್ತದೆ. ಕಾರಟಗಿಗೂ ಸ್ಟ್ಯಾಟಿಕ್ ತಗೊಳ್ಳಿ, ಇಲ್ಲಾ ವೈರ್‌ಗಾರ್ಡ್ ಹಾಕಿ, ಅದೂ ಟನಲ್ಲೇ, ಎನ್‌ಕ್ರಿಪ್ಶನ್ ಸಮೇತ. ಅದು ಯುಡಿಪಿ, ಅದಕ್ಕೆ ಪೋರ್ಟ್ ನಂಬರ್ ಇದೆ. ಕಾರಟಗಿಯಿಂದ ಬಳ್ಳಾರಿಗೆ ಕರೆ ಹೋಗಲಿ, ಬಳ್ಳಾರಿಯಲ್ಲಿ ಯುಡಿಪಿ 13231 ತೆರೆಯಿರಿ, ಕಾರಟಗಿಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್. ಮೈಕ್ರೋಟಿಕ್ ಸಾಫ್ಟ್‌ವೇರ್ ರೂಟರ್‌ಓಎಸ್ 7 ಬೇಕು, 6ರಲ್ಲಿ ಇಲ್ಲ.

ಜೀನ್ಸ್‌ರ್‍ಯಾಕ್: ನಮ್ಮ ಹೊಲಿಗೆ ಯೂನಿಟ್‌ನಲ್ಲಿ ಎರಡು ಫೈಬರ್, ಮೇಲೊಂದು 4ಜಿ, ಎಲ್ಲ ವೈರ್‌ಗಾರ್ಡ್ ಮೇಲೆ. ರ್‍ಯಾಕಿಗೆ ಬೇರೆ ಎಸಿ. ಬಳ್ಳಾರಿ ಮೇ ತಿಂಗಳಲ್ಲೂ ಒಂದು ಪ್ಯಾಕೆಟ್ ಬಿದ್ದಿಲ್ಲ. ಫೋಟೋ ಬೇಕಾ?

ಕೋಟೆಬಿಸಿಲು: ಕರೆಂಟ್ ಬಿಲ್ ಫೋಟೋ ಹಾಕಿ.

ಸೋನಾಮಸೂರಿ: ವೈರ್‌ಗಾರ್ಡ್ ಎದ್ದಿತು! ಎರಡು ರೂಟರ್ ನಡುವೆ ಪಿಂಗ್ ಬರುತ್ತಿದೆ. ಆದರೆ ಇಲ್ಲಿನ ಕಂಪ್ಯೂಟರಿನಿಂದ ವೇಬ್ರಿಡ್ಜ್ ಕಂಪ್ಯೂಟರ್ ಸಿಗುತ್ತಿಲ್ಲ. ಅದು 192.168.1.50.

ಮಾನ್ವಿರೂಟ್: ಬಳ್ಳಾರಿ ಲ್ಯಾನ್ (ಆಫೀಸಿನೊಳಗಿನ ನೆಟ್‌ವರ್ಕ್) ನಂಬರ್ ಎಷ್ಟು?

ಸೋನಾಮಸೂರಿ: ಅದೂ 192.168.1. ಎಲ್ಲರದ್ದೂ ಅದೇ ಅಲ್ವಾ?

ಮಾನ್ವಿರೂಟ್: ಹಾಗಾದರೆ ನಿಮ್ಮ ಕಂಪ್ಯೂಟರ್ .50 ಇದೇ ಆಫೀಸಿನಲ್ಲಿದೆ ಅಂದುಕೊಂಡು ಇಲ್ಲೇ ಹುಡುಕುತ್ತದೆ, ರೂಟರ್ ಹತ್ತಿರ ಹೋಗುವುದೇ ಇಲ್ಲ. ಒಂದು ಕಡೆ 192.168.21 ಮಾಡಿ, ವೈರ್‌ಗಾರ್ಡ್‌ನ ಅಲೋಡ್ ಅಡ್ರೆಸ್ಸೂ (ಟನಲ್‌ನಲ್ಲಿ ಬಿಡುವ ಐಪಿಗಳು) ರೂಟೂ ಅದಕ್ಕೆ ತಕ್ಕಂತೆ ಹಾಕಿ.

ಸೋನಾಮಸೂರಿ: ಡಿವಿಆರ್, ಪ್ರಿಂಟರ್ ಎಲ್ಲ ಅದೇ ನಂಬರಿನಲ್ಲಿವೆ. ಬದಲಿಸದೆ ಆಗಲ್ವಾ?

ಮಾನ್ವಿರೂಟ್: ನೆಟ್‌ಮ್ಯಾಪ್ ಇದೆ, ರೂಟರ್ ದಾರಿಯಲ್ಲೇ ನಂಬರ್ ಬದಲಿಸುತ್ತದೆ. ಆದರೆ ಮುಂದೆ ಯಾರಾದರೂ ರಿಪೇರಿಗೆ ಬಂದರೆ ನಿಮ್ಮನ್ನು ಬೈಯುತ್ತಾರೆ. ನಂಬರ್ ಬದಲಿಸಿ.

ಹಗರಿದಂಡೆ: ವೈರ್‌ಗಾರ್ಡ್ ಎಂಟಿಯು ಎಷ್ಟಿಟ್ಟಿದ್ದೀರಿ?